ಟ್ರಂಕಿನೊಳಗಿನ ಶೇರ್ವಾನಿ

1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿ ಗೌರವದ ಉಡುಪೆಂದರೆ ಶೇರ್ವಾನಿ. ಅದನ್ನು ಹಿಂದೂ, ಮುಸ್ಲಿಮರೆನ್ನದೆ ತೊಡುತ್ತಿದ್ದರು. ಉಣ್ಣೆಯದಾದರೆ ಅದನ್ನು ಸೋಡಾ, ಸವಳುಮಣ್ಣಿನ ನೀರಿಗೆ ಹಾಕುವಂತಿಲ್ಲ. ಕ್ಷಾರಕ್ಕೆ ಎಳೆ ಸವೆಯುತ್ತದೆ; ಅಂಟುವಾಳದ ನೊರೆಯೇ ಮೃದು. ಆದರೆ ಒಗೆತಕ್ಕಿಂತ ಮುಖ್ಯ, ತೊಟ್ಟ ದಿನದ ಆರೈಕೆ: ಬೆವರು ಆರುವಂತೆ ನೆರಳಿನಲ್ಲಿ ತೂಗುಹಾಕುವುದು, ಕಮಲಾಪುರದ ಹಾದಿಯ ದೂಳನ್ನು ಬ್ರಷ್‌ನಿಂದ ಕೊಡವುವುದು. ಈ ಬಿಸಿಲೂರಿನಲ್ಲಿ ಅದೇನು ಸಣ್ಣ ಕೆಲಸವೇ?

ಉಣ್ಣೆಯನ್ನು ತಿನ್ನುವುದು ಹಾರುವ ನುಸಿಯಲ್ಲ, ಅದರ ಮರಿಹುಳು. ಬೆವರು, ಎಣ್ಣೆ ಹತ್ತಿದ ಕೊರಳಪಟ್ಟಿ ಅದಕ್ಕೆ ಇಷ್ಟ. ಬೇವಿನೆಲೆಯನ್ನೇ ನಂಬಿ, ಕೊಡವದೆ ಮಡಿಸಿಟ್ಟರೆ ಬಟ್ಟೆ ತೂತಾಗುವುದು ಇದರಿಂದಲೇ.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಶೇರ್ವಾನಿ ಕ್ರಮೇಣ ಕಚೇರಿಯಿಂದ ಮದುವೆಮನೆಗೆ ಸರಿಯಿತು. ವರ್ಷಕ್ಕೊಮ್ಮೆ ತೊಡುವ ಬಟ್ಟೆಗೆ ಹುಳು ಹತ್ತುವುದು ಇನ್ನೂ ಸುಲಭ.