ಶಿಕಾರಿಯ ಕಾಡಿನಿಂದ ಲಂಟಾನದ ಆನೆಗೆ

ಕೆನಡಾದ ಕಲಾವಿದ ಬ್ರಯಾನ್ ಜಂಗೆನ್ 1998ರಿಂದ 2005ರವರೆಗೆ ನೈಕಿ ಕಂಪನಿಯ ಬಾಸ್ಕೆಟ್‌ಬಾಲ್ ಬೂಟುಗಳನ್ನು ಬಿಚ್ಚಿ, ಕತ್ತರಿಸಿ, ಮತ್ತೆ ಹೊಲಿದು 23 ಮುಖವಾಡಗಳನ್ನು ಮಾಡಿದರು. ಅಲ್ಲಿನ ಪಶ್ಚಿಮ ಕರಾವಳಿಯ ಮೂಲನಿವಾಸಿಗಳು ಮರದಲ್ಲಿ ಕೆತ್ತುತ್ತಿದ್ದ ಮುಖವಾಡಗಳ ಛಾಯೆ ಅವುಗಳಲ್ಲಿತ್ತು. ಮುಂದೆ ಗಾಲ್ಫ್ ಚೀಲಗಳನ್ನು ಒಂದರ ಮೇಲೊಂದು ಪೇರಿಸಿ ಕುಲಸ್ತಂಭಗಳನ್ನೂ ನಿಲ್ಲಿಸಿದರು. ತಾಯಿಯ ಕಡೆಯಿಂದ ಡೇನ್-ಜಾ ಬುಡಕಟ್ಟಿನವರಾದ ಜಂಗೆನ್, ಉಳ್ಳವರ ಆಟದ ಸಾಮಾನನ್ನು ತೆಗೆದುಕೊಂಡು ಮೂಲನಿವಾಸಿಗಳ ರೂಪಗಳನ್ನು ಕಟ್ಟಿದ್ದು ಜಗತ್ತಿನ ಗಮನ ಸೆಳೆಯಿತು. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಇದಕ್ಕೆ ಸಾಟಿಯಾದದ್ದನ್ನು ಹುಡುಕಲು ಹರಿದ ಚೆಂಡು, ಮುರಿದ ಬ್ಯಾಟುಗಳ ಕಡೆ ಹೋಗಬೇಕಾಗಿಲ್ಲ. ಇಲ್ಲಿ ಬಹುಕಾಲ ದೊಡ್ಡವರ ಆಟವೆಂದರೆ ಶಿಕಾರಿ. ಆ ಆಟದ ಸಲಕರಣೆಗಳಲ್ಲಿ ಬಂದೂಕಿಗಿಂತ ಮುಖ್ಯವಾಗಿದ್ದದ್ದು ಇಲ್ಲಿನ ಆದಿವಾಸಿಗಳಾದ ಸೋಲಿಗರ, ಕಾಡುಕುರುಬರ ಕಣ್ಣು, ಕಾಲು ಮತ್ತು ಕೈ. ಈಚೆಗೆ ಲಂಡನ್, ನ್ಯೂಯಾರ್ಕ್‌ಗಳಲ್ಲಿ ಜನ ಸುತ್ತುವರಿದು ನೋಡಿದ, ಲಂಟಾನದ ಕಡ್ಡಿಯಿಂದ ಕಟ್ಟಿದ ಆನೆಗಳಲ್ಲಿ ಮರುಬಳಕೆಯಾದದ್ದು ಕಳೆಗಿಡ ಮಾತ್ರವಲ್ಲ, ಒಂದು ಕಾಲದಲ್ಲಿ ಬೇಟೆಗೆ ದುಡಿದ ಆ ಅರಿವು ಕೂಡ ಎಂಬುದು ನನ್ನ ವಾದ.

ಚಾಮರಾಜನಗರದ ಆನೆ ಹಿಡಿಯುವ ಚರಿತ್ರೆಯಲ್ಲಿ ಮೊದಲು ಕೇಳಿಬರುವ ಹೆಸರು ಜಿ.ಪಿ. ಸ್ಯಾಂಡರ್ಸನ್. ಮೈಸೂರು ಸಂಸ್ಥಾನದ ಕಾಲುವೆಗಳನ್ನು ನೋಡಿಕೊಳ್ಳುತ್ತಿದ್ದ ಈ ಅಧಿಕಾರಿ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ ಬಿಡಾರ ಹೂಡಿ, 1874ರಲ್ಲಿ ಇಲ್ಲಿಯೇ ಖೆಡ್ಡಾ, ಅಂದರೆ ಹಿಂಡನ್ನು ಆವರಣದೊಳಗೆ ಅಟ್ಟಿ ಕೂಡಿಹಾಕುವ ಕಾರ್ಯಾಚರಣೆ, ನಡೆಸಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಒಮ್ಮೆಲೇ ಹಿಡಿಸಿದ. 1878ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪುಸ್ತಕ ‘ಥರ್ಟೀನ್ ಇಯರ್ಸ್ ಅಮಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ ಓದಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಸೋಲಿಗರು ಮತ್ತು ಕಾಡುಕುರುಬರ ಜಾಡು ಹಿಡಿಯುವ ಬಲ್ಮೆ ಇಲ್ಲದೆ ಅವನ ಯಾವ ಸಾಹಸವೂ ನಡೆಯುತ್ತಿರಲಿಲ್ಲ. ಅದನ್ನು ಅವನೇ ಮನಸಾರೆ ಮೆಚ್ಚಿದ್ದಾನೆ. ಹಿಂಡು ಯಾವ ದಾರಿಯಲ್ಲಿ ನೀರಿಗಿಳಿಯುತ್ತದೆ, ಲದ್ದಿ ಎಷ್ಟು ಹೊತ್ತಿನದು, ಎಲ್ಲಿ ಕಂದಕ ತೋಡಿದರೆ ಆನೆ ಅನುಮಾನಪಡುವುದಿಲ್ಲ ಎಂಬುದನ್ನೆಲ್ಲ ಬಲ್ಲವರು ಅವರು. ಆದರೂ ಖೆಡ್ಡಾದೊಂದಿಗೆ ಚರಿತ್ರೆಯಲ್ಲಿ ಉಳಿದದ್ದು ಸ್ಯಾಂಡರ್ಸನ್ನನ ಹೆಸರು. ಮುಂದೆ ಕಬಿನಿ ದಂಡೆಯ ಕಾಕನಕೋಟೆಗೆ ಖೆಡ್ಡಾ ಸ್ಥಳಾಂತರಗೊಂಡು, ವೈಸ್‌ರಾಯ್‌ಗಳಿಗೂ ರಾಜಮನೆತನದ ಅತಿಥಿಗಳಿಗೂ ತೋರಿಸುವ ಪ್ರದರ್ಶನವಾಗಿ, 1971ರ ಕೊನೆಯ ಖೆಡ್ಡಾವರೆಗೆ ನಡೆಯಿತು.

ಗುಂಡ್ಲುಪೇಟೆಯ ಕಡೆಯ ಕಥೆಯೂ ಹೆಚ್ಚು ಬೇರೆಯಲ್ಲ. ಬಂಡೀಪುರ ಮೈಸೂರು ಅರಸರ ಬೇಟೆಯ ಕಾಡು. 1931ರಲ್ಲಿ ಅದರ ಒಂದು ಭಾಗಕ್ಕೆ ಅಭಯಾರಣ್ಯದ ಸ್ಥಾನ ಬಂತು, ಆಮೇಲೆ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು, 1973ರಲ್ಲಿ ಹುಲಿ ಯೋಜನೆಯ ಮೊದಲ ಮೀಸಲುಗಳಲ್ಲಿ ಒಂದಾಯಿತು. ಬೇಟೆಯ ಕಾಲಕ್ಕೂ ತನ್ನದೇ ಆದ ಒಂದು ಕಲೆಯಿತ್ತು ಎಂಬುದನ್ನು ಮರೆಯುವಂತಿಲ್ಲ. ಸತ್ತ ಹುಲಿ ಚಿರತೆಗಳ ಚರ್ಮಕ್ಕೆ ಜೀವಂತ ಭಂಗಿ ಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯ ಕೈಚಳಕಕ್ಕೆ ದೇಶದ ಹೊರಗೂ ಹೆಸರಿತ್ತು. ಯುರೋಪಿನ ಬಿಲಿಯರ್ಡ್ಸ್ ಮೇಜಿನ ಮೇಲೆ ಉರುಳುತ್ತಿದ್ದದ್ದು ದಂತದ ಚೆಂಡು. ಆನೆಯ ಪಾದ ಪೀಠವಾಗುತ್ತಿತ್ತು. ಪ್ರಾಣಿಯ ದೇಹವೇ ಆಟಕ್ಕೆ ಸಾಮಾನು, ಆಟ ಮುಗಿದ ಮೇಲೆ ಗೋಡೆಗೆ ಅಲಂಕಾರ. ಇಂದಿನ ಲಂಟಾನದ ಆನೆಯನ್ನು ಈ ಹಿನ್ನೆಲೆಯಲ್ಲಿ ಇಟ್ಟು ನೋಡಿದಾಗಲೇ ಅದರ ನಿಜವಾದ ತೂಕ ತಿಳಿಯುವುದು.

ಬೇಟೆ ನಿಂತ ಮೇಲೆ ಕಾಡಿನ ಜನರಿಗೆ ಸಿಕ್ಕಿದ್ದೇನು? ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದಾಗ ಸೋಲಿಗರ ಹೊಲಗಳಿದ್ದ ಜಾಗಗಳು ಖಾಲಿಯಾದವು. ಅವರ ಹಾಡಿಗಳಾದ ಪೋಡುಗಳು ರಸ್ತೆಯ ಅಂಚಿಗೆ ಬಂದವು. ಅವರು ವರ್ಷದ ಮೊದಲಲ್ಲೇ ಇಡುತ್ತಿದ್ದ ತರಗು ಬೆಂಕಿ, ಅಂದರೆ ಎಲೆ ಒಣಗುತ್ತಿರುವಾಗಲೇ ನೆಲದ ತರಗನ್ನಷ್ಟೇ ಸುಡುವ ಸಣ್ಣ ಬೆಂಕಿ, ಅಪರಾಧವಾಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕ ಖಂಡದಿಂದ ತೋಟದ ಅಲಂಕಾರಕ್ಕೆಂದು ಭಾರತಕ್ಕೆ ಬಂದ ಲಂಟಾನ ಈ ಬೆಂಕಿ ನಿಂತ ಮೇಲೆಯೇ ಹೀಗೆ ಹಬ್ಬಿತು ಎಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ. ಅಶೋಕ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ 1997ರಿಂದ 2008ರ ನಡುವಣ ಬದಲಾವಣೆಯನ್ನು ಇದೇ ಬೆಟ್ಟದಲ್ಲಿ ಅಳೆದಾಗ, ಲಂಟಾನ ಹಿಡಿದ ಜಾಗ ಸುಮಾರು ಇಮ್ಮಡಿಯಾಗಿದ್ದದ್ದು ಕಂಡಿತು. ಹುಲ್ಲು ಸತ್ತಿತು, ಎಳೆ ಮರಗಳು ಮೇಲೇಳಲಿಲ್ಲ. ಇತ್ತ ಬಿದಿರಿನ ಪಾಡೂ ಕೆಟ್ಟಿತ್ತು. ಕಾಗದದ ಕಾರ್ಖಾನೆಗಳಿಗೆ ಸರ್ಕಾರ ಬಿದಿರನ್ನು ಟನ್ನಿಗೆ ಎರಡು ರೂಪಾಯಿಗೂ ಕಡಿಮೆಗೆ ಕೊಟ್ಟಾಗ ಬುಟ್ಟಿ ಹೆಣೆಯುವವರು ಅದೇ ಬಿದಿರಿಗೆ ಮಾರುಕಟ್ಟೆಯಲ್ಲಿ ಟನ್ನಿಗೆ ಸಾವಿರಕ್ಕೂ ಹೆಚ್ಚು ಕೊಡುತ್ತಿದ್ದರೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ದಾಖಲಿಸಿದ್ದು ಉತ್ತರ ಕನ್ನಡವನ್ನು ಕುರಿತು. ಆದರೆ ಕಾಡನ್ನು ಯಾರಿಗಾಗಿ ಕಾಯಲಾಗುತ್ತಿತ್ತು ಎಂಬ ಪ್ರಶ್ನೆ ಇಡೀ ರಾಜ್ಯದ್ದು. ಮಲೆ ಮಹದೇಶ್ವರ ಬೆಟ್ಟದ ಸುತ್ತ ಬಿದಿರು ಹೆಣೆಯುವ ಕೈಗಳಿಗೆ ಲಂಟಾನ ಬಂದದ್ದು ಇಂಥ ಇಕ್ಕಟ್ಟಿನಲ್ಲಿ, 2000ರ ದಶಕದಲ್ಲಿ, ಏಟ್ರೀಯ ತರಬೇತಿಯ ಮೂಲಕ. ಕಡ್ಡಿಯನ್ನು ಹಂಡೆಯಲ್ಲಿ ಗಂಟೆಗಟ್ಟಲೆ ಕುದಿಸಿ, ಸಿಪ್ಪೆ ಸುಲಿದು, ಹಸಿ ಆರುವ ಮುನ್ನ ಬಗ್ಗಿಸಿ ಮೊಳೆ ಹೊಡೆದರೆ ಅದು ಗೆದ್ದಲಿಗೂ ಸುಲಭವಾಗಿ ಬಗ್ಗದ ಕುರ್ಚಿಯಾಗುತ್ತದೆ. ಬಿದಿರು ಬಲ್ಲ ಬೆರಳುಗಳಿಗೇ ಈ ಕೆಲಸ ಬೇಗ ಒಲಿಯಿತು.

ಕುರ್ಚಿಯಿಂದ ಆನೆಗೆ ದಾಟಿದ್ದು ಬಂಡೀಪುರ, ಮುದುಮಲೆಗಳಾಚೆ ಇರುವ ಗೂಡಲೂರಿನಲ್ಲಿ. ‘ದಿ ರಿಯಲ್ ಎಲಿಫೆಂಟ್ ಕಲೆಕ್ಟಿವ್’ ಎಂಬ ಕೂಟದಲ್ಲಿ ಬೆಟ್ಟಕುರುಂಬ, ಕಾಟ್ಟುನಾಯಕ, ಪಣಿಯ ಮತ್ತು ಸೋಲಿಗ ಸಮುದಾಯಗಳ ಸುಮಾರು 200 ಮಂದಿ ಕಬ್ಬಿಣದ ಸರಳಿನ ಚೌಕಟ್ಟಿಗೆ ಲಂಟಾನ ಕಡ್ಡಿ ಸುತ್ತಿ ನಿಜಗಾತ್ರದ ಆನೆಗಳನ್ನು ಕಟ್ಟಿದರು. ಕಾಡಿನಲ್ಲಿ ನಿಜವಾಗಿ ಓಡಾಡುವ ಒಂದೊಂದು ಆನೆಯೇ ಒಂದೊಂದು ಶಿಲ್ಪಕ್ಕೆ ಮಾದರಿ. 2021ರಲ್ಲಿ ಲಂಡನ್ನಿನ ರಾಜೋದ್ಯಾನಗಳಲ್ಲಿ ಹಿಂಡು ನಿಂತಿತು. 2024ರ ಆರಂಭದಲ್ಲಿ ಲಾಲ್‌ಬಾಗಿಗೆ ಬಂತು. ಅದೇ ವರ್ಷದ ಜುಲೈಯಲ್ಲಿ ನ್ಯೂಪೋರ್ಟ್‌ನಿಂದ 100 ಆನೆಗಳ ಅಮೆರಿಕ ಯಾತ್ರೆ ಹೊರಟಿತು. ಕಿವಿಯ ಮಡಿಕೆ, ಬೆನ್ನಿನ ಇಳಿಜಾರು, ಮರಿಯನ್ನು ನಡುವೆ ಇಟ್ಟುಕೊಂಡು ನಿಲ್ಲುವ ಬಗೆ, ಇವೆಲ್ಲ ಬೇಟೆಗಾರನ ಹಿಂದೆ ನಡೆದವರ ಮೊಮ್ಮಕ್ಕಳಿಗೆ ಪಾಠ ಮಾಡಬೇಕಾದ ಸಂಗತಿಗಳಲ್ಲ.

ವಿನ್ಯಾಸ, ಹಣ, ಮಾರಾಟ ಎಲ್ಲವೂ ಹೊರಗಿನವರದು, ಆದಿವಾಸಿಗಳು ಕೂಲಿಗೆ ಕಡ್ಡಿ ಸುತ್ತಿದವರಷ್ಟೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. ಮೊದಲ ಚೌಕಟ್ಟಿನ ಹಿಂದೆ ಓದಿಕೊಂಡ ವಿನ್ಯಾಸಕರಿದ್ದಾರೆ, ಒಂದೊಂದು ಆನೆ ಸಾವಿರಾರು ಡಾಲರಿಗೆ ಮಾರಾಟವಾಗುತ್ತದೆ. ಆದರೆ ನೂರಾರು ಕಡ್ಡಿಗಳಲ್ಲಿ ಚರ್ಮದ ಸುಕ್ಕನ್ನು ತರುವುದು ಚಿತ್ರ ನೋಡಿ ಮಾಡುವ ಕೆಲಸವಲ್ಲ. ದೇಗುಲದ ಸ್ಥಪತಿಯ ಜೊತೆ ಕಲ್ಲುಕುಟಿಗರನ್ನೂ ಶಿಲ್ಪಿಗಳೆಂದು ಒಪ್ಪುವ ನಾವು ಇಲ್ಲಿ ಮಾತ್ರ ಬೇರೆ ಅಳತೆಗೋಲು ಹಿಡಿಯಬಾರದು. ಹೆಸರು ಒಬ್ಬರಿಗೆ, ಶ್ರಮ ಇನ್ನೊಬ್ಬರಿಗೆ ಎಂಬ ಸ್ಯಾಂಡರ್ಸನ್ ಕಾಲದ ಲೆಕ್ಕ ಮರಳಿ ಬರುವ ಅಪಾಯ ಇರುವುದರಿಂದಲೇ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಶಿಲ್ಪ ಮಾಡಿದರೆ ಕಾಡಿನ ಲಂಟಾನ ತೀರುತ್ತದೆಯೇ ಎಂದು ಕೇಳುವವರಿಗೆ ಉತ್ತರ ನೇರವಾದದ್ದು: ತೀರುವುದಿಲ್ಲ. ಬೇರು ಉಳಿದರೆ ಗಿಡ ಮತ್ತೆ ಚಿಗುರುತ್ತದೆ, ಹಕ್ಕಿಗಳು ಬೀಜ ಹರಡುತ್ತವೆ. ಕಲೆಯಿಂದ ಕಾಡು ಶುದ್ಧವಾಯಿತೆಂದು ಹೇಳುವುದು ಕಲೆಗೂ ಕಾಡಿಗೂ ಮಾಡುವ ಅನ್ಯಾಯ.

ಇವೆಲ್ಲಕ್ಕಿಂತ ಭಾರವಾದ ಆಕ್ಷೇಪ ಗುಂಡ್ಲುಪೇಟೆಯ ರೈತನದು. ಆನೆ ಕಂದಕ, ಸೋಲಾರ್ ಬೇಲಿ, ರೈಲು ಕಂಬಿಯ ತಡೆ ಇದ್ದರೂ ರಾತ್ರಿಯಿಡೀ ಅಟ್ಟಣೆಯಲ್ಲಿ ಕೂತು ಬೆಳೆ ಕಾಯುವವನಿಗೆ, ಲಂಡನ್ನಿನ ಹುಲ್ಲುಹಾಸಿನ ಮೇಲಿನ ಆನೆ ಸಮಾಧಾನ ತರುವುದಿಲ್ಲ, ತರಬೇಕಾಗಿಯೂ ಇಲ್ಲ. ಅವನಿಗೆ ಬೇಕಾದದ್ದು ಸಕಾಲಕ್ಕೆ ಪರಿಹಾರ, ಗಟ್ಟಿಯಾದ ತಡೆ. ಆದರೆ ಆನೆ ಯಾಕೆ ಹೊಲಕ್ಕೆ ಬರುತ್ತದೆ ಎಂಬ ಪ್ರಶ್ನೆಯಲ್ಲಿ, ಮೇವನ್ನು ಮುಚ್ಚಿಹಾಕಿದ ಲಂಟಾನಕ್ಕೂ, ಬೆಂಕಿಯ ಬಗ್ಗೆ ಸೋಲಿಗರ ಮಾತನ್ನು ಕೇಳದ ಅರಣ್ಯ ನೀತಿಗೂ ಪಾಲಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲಿನೊಳಗೆ ಅಂಥ ಹಕ್ಕು ದೇಶದಲ್ಲೇ ಮೊದಲು ಇಲ್ಲಿಯೇ ಸಿಕ್ಕಿದ್ದು. ಆ ಹಕ್ಕುಪತ್ರದ ಬಲದಲ್ಲಿ ಲಂಟಾನ ಕೀಳುವ ಕ್ರಮ, ತರಗು ಬೆಂಕಿಯ ಪ್ರಯೋಗ, ಕಡ್ಡಿಯ ಮೇಲಿನ ಅಧಿಕಾರ ಮೂರನ್ನೂ ಗ್ರಾಮಸಭೆಗೇ ಬಿಡಬೇಕು. ಆಗ ಕಟ್ಟುವ ಆನೆಗಳ ಒಂದು ಹಿಂಡು ಚಾಮರಾಜನಗರದ ಜಿಲ್ಲಾಡಳಿತ ಭವನದ ಮುಂದೆ ನಿಲ್ಲಲಿ, ಅದರ ಕೆಳಗಿನ ಫಲಕದಲ್ಲಿ ಕಟ್ಟಿದವರ ಪೋಡಿನ ಹೆಸರೂ ಅವರ ಹೆಸರೂ ಕನ್ನಡದಲ್ಲಿ ಇರಲಿ.