ಅಳಿದ ಪ್ರಾಂತದ ಗೌರವ: ಕವಿಬಿರುದೊಂದರ ಆಧಾರವಿಚಾರ

ಕವಿಗೆ ಸಂದ ಗೌರವದ ಇತಿಹಾಸವನ್ನು ನಿಶ್ಚಯಿಸಹೊರಟವನು, ಅದನ್ನು ಪಡೆದವರ ವಿಚಾರಕ್ಕಿಂತ ಮುಂಚೆ ಇತ್ತವರ ವಿಚಾರವನ್ನು ಮಾಡತಕ್ಕದ್ದು. ಏಕೆಂದರೆ ಆಧಾರಗಳು ಹುಟ್ಟುವುದೂ ಉಳಿಯುವುದೂ ಬಹುಮಟ್ಟಿಗೆ ಇತ್ತವರ ಕೈಯಲ್ಲಿ. ವಯನಾಡಿನ ಕಲ್ಪೆಟ್ಟದ ಜೈನ ಮನೆತನದಲ್ಲಿ ಜನಿಸಿದ ಎಂ. ಪಿ. ವೀರೇಂದ್ರಕುಮಾರರ ‘ಹೈಮವತಭೂವಿಲ್’ ಎಂಬ ಮಲಯಾಳ ಪ್ರವಾಸಕಥನಕ್ಕೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತೆಂಬುದನ್ನು ಪರೀಕ್ಷಿಸಲು ಶ್ರಮವಿಲ್ಲ. ಅಕಾಡೆಮಿಯಿದೆ, ಅದರ ಪಟ್ಟಿಯೂ ಇದೆ. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ಮದರಾಸು ಸರಕಾರವು ಇತ್ತ ‘ರಾಷ್ಟ್ರಕವಿ’ ಬಿರುದಿನ ಸಂಗತಿ ಹಾಗಲ್ಲ; ಅದನ್ನಿತ್ತ ಮದರಾಸು ಪ್ರಾಂತವೇ ಇಂದಿಲ್ಲ.

ಅಂದು ವಯನಾಡು ಮಲಬಾರು ಜಿಲ್ಲೆಗೂ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೂ ಸೇರಿದ್ದ ತಾಲ್ಲೂಕುಗಳು. ಸುಲ್ತಾನ್ ಬತ್ತೇರಿಯ ಜೈನ ಗೃಹಸ್ಥನೂ ಮಂಜೇಶ್ವರದ ಕವಿಯೂ ಒಂದೇ ಪ್ರಾಂತದ ಪ್ರಜೆಗಳು. 1956ರ ನವೆಂಬರ್ 1ರಂದು ಇವೆರಡೂ ಕೇರಳವನ್ನು ಸೇರಿದುವು. ದಕ್ಷಿಣ ಕನ್ನಡದ ಉಳಿದ ಭಾಗವು ಮೈಸೂರಿನದಾಯಿತು. ಬಳಿಕ ವಯನಾಡು 1980ರಲ್ಲಿಯೂ ಕಾಸರಗೋಡು 1984ರಲ್ಲಿಯೂ ಪ್ರತ್ಯೇಕ ಜಿಲ್ಲೆಗಳಾದುವು. ತತ್ಫಲವಾಗಿ ಹಳೆಯ ಸರಕಾರದ ಕಡತಗಳ ನೆಲೆ ಚೆನ್ನೈಯ ಎಗ್ಮೋರಿನಲ್ಲಿ, ಕವಿಯ ಮನೆ ಕೇರಳದಲ್ಲಿ, ಅವರ ಗ್ರಂಥಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ, ಹೀಗೆ ಸಾಕ್ಷ್ಯವು ಮೂರು ರಾಜ್ಯಗಳಿಗೆ ಹಂಚಿಹೋಯಿತು.

ಇಂಥಲ್ಲಿ ಒಂದೊಂದು ಆಧಾರವು ಯಾವುದಕ್ಕೆ ಸಾಕ್ಷಿಯಾಗಬಲ್ಲುದೋ ಅದಕ್ಕಷ್ಟೇ ಅದನ್ನು ನೆಚ್ಚಬೇಕು. ಸರಕಾರದ ಆಜ್ಞಾಪತ್ರವು ಬಿರುದಿನ ದಿನಾಂಕಕ್ಕೆ ಪ್ರಮಾಣ. ಲೋಕವು ಅದನ್ನು ಹೇಗೆ ಸ್ವೀಕರಿಸಿತೆಂಬುದಕ್ಕೆ ಸಮಕಾಲೀನ ಪತ್ರಿಕೆ ಪ್ರಮಾಣ. ಆದರೆ ಒಂದೇ ಸರಕಾರೀ ಪ್ರಕಟನೆಯನ್ನು ನಾಲ್ಕು ಪತ್ರಿಕೆಗಳು ಅಚ್ಚುಮಾಡಿದ್ದರೆ ಅವು ನಾಲ್ಕು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಸಂಸ್ಮರಣ ಗ್ರಂಥಗಳು ಭಕ್ತಿಯಿಂದ ಹುಟ್ಟಿದುವು. ಕವಿಯ ನಡೆನುಡಿಗಳನ್ನು ಕಂಡವರ ಮಾತಾಗಿ ಅವು ಅಮೂಲ್ಯವಾದರೂ, ಇಸವಿಯ ವಿಷಯದಲ್ಲಿ ಹಿಂದಿನ ಗ್ರಂಥದ ಮಾತನ್ನೇ ಮುಂದಿನದು ಎತ್ತಿಕೊಳ್ಳುವುದುಂಟು. ಇಸವಿಗಳು ಭಿನ್ನವಾದಲ್ಲಿ ಒಂದು ಸುಳ್ಳೇ ಆಗಿರಬೇಕೆಂದಿಲ್ಲ: ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ ಕಾವ್ಯಕ್ಕೆ ಸಂದುದು 1967ನೆಯ ಸಾಲಿನ ಜ್ಞಾನಪೀಠ, ಪ್ರದಾನವಾದುದು 1968ರಲ್ಲಿ, ಎರಡು ಇಸವಿಗಳೂ ನಿಜ, ಎರಡು ಘಟನೆಗಳಿಗೆ ಸಂಬಂಧಿಸಿದುವು.

ಇವೆಲ್ಲಕ್ಕಿಂತ ಬಲವತ್ತರವಾದುದು ನೆರೆಯ ಭಾಷೆಗಳ ಸಾಕ್ಷ್ಯ. ಸುಮಾರು ಅದೇ ಕಾಲದಲ್ಲಿ ಅದೇ ಸರಕಾರವು ಮಲಯಾಳದ ವಳ್ಳತ್ತೋಳ್ ನಾರಾಯಣ ಮೇನೋನರನ್ನೂ ತಮಿಳಿನ ನಾಮಕ್ಕಲ್ ರಾಮಲಿಂಗಂ ಪಿಳ್ಳೆಯವರನ್ನೂ ತೆಲುಗಿನ ಚೆಳ್ಳಪಿಳ್ಳ ವೆಂಕಟಶಾಸ್ತ್ರಿಗಳನ್ನೂ ಆಸ್ಥಾನಕವಿಗಳೆಂದು ಗೌರವಿಸಿತು. ಗೋವಿಂದ ಪೈಗಳ ಬಿರುದನ್ನು ಈ ಪಂಕ್ತಿಯಲ್ಲಿಟ್ಟು ನೋಡಿದಾಗ, ಅದು ಒಬ್ಬ ಕವಿಗೆ ಆಕಸ್ಮಿಕವಾಗಿ ಒದಗಿದ ಮನ್ನಣೆಯಲ್ಲ, ನಾಲ್ಕು ನುಡಿಗಳನ್ನಾಡುವ ಪ್ರಾಂತವೊಂದು ತನ್ನ ನುಡಿಗಳಿಗೆಲ್ಲ ಸಲ್ಲಿಸಿದ ಗೌರವದ ಕನ್ನಡ ಭಾಗವೆಂದು ತಿಳಿಯಬರುತ್ತದೆ. ಕನ್ನಡದ ಆಧಾರಗಳಿಂದ ಮಾತ್ರವೇ ಈ ಅರ್ಥವು ಹೊರಡಲಾರದು.

ಜರ್ಮನ್ ಭಾಷೆಯ ಹೆಸರಾಂತ ಗ್ಯೋರ್ಗ್ ಬ್ಯೂಖ್ನರ್ ಪ್ರಶಸ್ತಿಯ ಇತಿಹಾಸವೂ ಇತ್ತವರ ವಿಚಾರವನ್ನು ಮೊದಲು ಮಾಡಬೇಕೆಂಬುದನ್ನೇ ಬೋಧಿಸುತ್ತದೆ. 1923ರಲ್ಲಿ ಹೆಸ್ಸೆನ್ ರಾಜ್ಯವು ಅದನ್ನು ಸ್ಥಾಪಿಸಿದಾಗ ಅದು ಆ ನಾಡಿನ ಸಕಲ ಕಲಾವಿದರದು. 1933ರಿಂದ ನಾತ್ಸಿಗಳ ಆಳ್ವಿಕೆಯಲ್ಲಿ ಅದು ನಿಂತುಹೋಯಿತು. 1951ರಿಂದ ಡಾರ್ಮ್‌ಸ್ಟಾಟ್‌ನ ಅಕಾಡೆಮಿಯು ಅದನ್ನು ಸಾಹಿತ್ಯಕ್ಕೆ ಮೀಸಲಿಟ್ಟು ಮೊದಲು ಕವಿ ಗಾಟ್‌ಫ್ರೀಡ್ ಬೆನ್ನನಿಗೆ ಕೊಟ್ಟಿತು. ಹೆಸರೊಂದೇ ಎಂದು ನಂಬಿ ಎರಡು ಕಾಲದ ಪಟ್ಟಿಗಳನ್ನು ಒಂದಾಗಿ ಓದಿದವನು, ಚಿತ್ರಕಾರನನ್ನು ಕವಿಯೆಂದೆಣಿಸುವ ಪ್ರಮಾದಕ್ಕೆ ಒಳಗಾದಾನು.

ಶಾಸನ, ಕಾವ್ಯ, ಪಂಚಾಂಗಗಳನ್ನು ಒಂದಕ್ಕೊಂದು ಒರೆಹಚ್ಚಿ ಪ್ರಾಚೀನರ ಕಾಲನಿರ್ಣಯ ಮಾಡುವುದರಲ್ಲಿ ಗೋವಿಂದ ಪೈಗಳು ಆಯುಷ್ಯವನ್ನು ಸವೆಸಿದರು. ಅವರ ಬಿರುದಿನ ಚರಿತ್ರೆಯನ್ನು ಬರೆಯುವವರು ಅದೇ ಕಟ್ಟುನಿಟ್ಟನ್ನು ಪಾಲಿಸುವುದು ನ್ಯಾಯವಾಗಿದೆ. ಅದಕ್ಕೆ ಕನ್ನಡ ಮಲಯಾಳಗಳೆರಡನ್ನೂ ಬಲ್ಲ ವಯನಾಡು ಕಾಸರಗೋಡುಗಳ ವಿದ್ಯಾವಂತರಿಗಿಂತ ಸಮರ್ಥರು ದೊರೆಯರು. ಎರಡು ನುಡಿಗಳ ಪತ್ರಿಕೆಗಳನ್ನೂ ಎಗ್ಮೋರಿನ ಕಡತಗಳನ್ನೂ ಒಟ್ಟಿಗಿಟ್ಟು ಓದುವ ಆ ಕಾರ್ಯವನ್ನು ಅವರು ಕೈಗೊಳ್ಳಬೇಕು.