ಮನೆ ಬಿಟ್ಟ ಮಕ್ಕಳಿಗೊಂದು ಮನೆ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಾವು ಧರ್ಮಕೇಂದ್ರದ ಹಳೆಯ ದಾಖಲೆ ಪುಸ್ತಕಗಳತ್ತ ಭಕ್ತಿಯಿಂದ ನೋಡುತ್ತೇವೆ. ಜ್ಞಾನಸ್ನಾನ ಹೊಂದಿದವರ, ವಿವಾಹವಾದವರ, ಪ್ರಭುವಿನಲ್ಲಿ ನಿದ್ರೆ ಹೋದವರ ಹೆಸರುಗಳು ಅವುಗಳಲ್ಲಿವೆ. ಆದರೆ ಒಂದು ರಾತ್ರಿ ಯಾರಿಗೂ ಹೇಳದೆ ಮನೆ ಬಿಟ್ಟು, ಸಿಕ್ಕಿದ ರೈಲನ್ನು ಹತ್ತಿ ಹೋದ ಹುಡುಗನ ಹೆಸರನ್ನು ಬರೆದಿಡುವ ಪುಸ್ತಕ ಯಾವ ದೇವಾಲಯದಲ್ಲಿಯೂ ಇಲ್ಲ. ನೂರು ವರ್ಷಗಳ ಲೆಕ್ಕವನ್ನು ಒಪ್ಪಿಸುವಾಗ ಆ ಮಕ್ಕಳನ್ನೂ, ಅವರಿಗೆ ಬಾಗಿಲು ತೆರೆದವರನ್ನೂ ಸ್ಮರಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇವೆ.

ನಮ್ಮ ಸೀಮೆ ಮತ್ತು ರೈಲು ಹಾದಿ

ನಮ್ಮ ಸೀಮೆಯ ಜೀವನವು ರೈಲಿನೊಡನೆ ಹೆಣೆದುಕೊಂಡಿದೆ. 1871ರಲ್ಲಿ ಮುಂಬಯಿಯಿಂದ ಮದರಾಸಿಗೆ ಹೋಗುವ ಹಾದಿ ಕೂಡಿಕೊಂಡಿತು. 1874ರಲ್ಲಿ ನಿಜಾಮರ ರೈಲ್ವೆಯು ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಹೈದರಾಬಾದಿನ ಕಡೆಗೆ ಹೊರಟಿತು. ಅಂದಿನಿಂದ ವಾಡಿ ಮೂರು ದಿಕ್ಕಿನ ಹಾದಿಗಳು ಸೇರುವ ಜಂಕ್ಷನ್ ಆಯಿತು. ಶಹಾಬಾದದ ಪರಸಿ ಕಲ್ಲು ಈ ಹಾದಿಯಲ್ಲಿಯೇ ದೂರದ ಊರುಗಳನ್ನು ಸೇರಿತು. ಸಿಮೆಂಟ್ ಕಾರ್ಖಾನೆಗಳು ಈ ಹಾದಿಯ ಬದಿಯಲ್ಲಿಯೇ ಎದ್ದವು. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಹಳ್ಳಿಗಳ ಮತ್ತು ತಾಂಡಾಗಳ ಜನರು ರೈಲನ್ನು ಕಾಣಬೇಕಾದರೆ ಚಿಂಚೋಳಿ ದಾಟಿ ತಾಂಡೂರಿಗೋ ಸೇಡಂಗೋ ಹೋಗಬೇಕು. ಆದರೂ ತೊಗರಿಯ ಬೆಳೆ ಕೈಕೊಟ್ಟ ವರ್ಷ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವುದು ಅವರಿಗೆ ಹೊಸದಲ್ಲ.

ಹಿರಿಯರು ದುಡಿಮೆಗಾಗಿ ಹೋದ ಹಾದಿಯನ್ನೇ ಮಕ್ಕಳೂ ಹಿಡಿಯುತ್ತಾರೆ. ಕುಡಿದು ಬಂದ ತಂದೆಯ ಏಟು, ಪರೀಕ್ಷೆಯಲ್ಲಿ ನಪಾಸಾದ ಅವಮಾನ, ತೀರದ ಸಾಲ, ಬಾಲ್ಯದಲ್ಲಿಯೇ ನಿಶ್ಚಯವಾದ ಮದುವೆಯ ಭಯ, ನಗರದ ಆಸೆ – ಕಾರಣಗಳು ಹಲವು. ರೈಲ್ವೆ ರಕ್ಷಣಾ ದಳದವರು 2018ರಿಂದ 2024ರ ಮೇ ತಿಂಗಳವರೆಗೆ ದೇಶದ ನಿಲ್ದಾಣಗಳಲ್ಲಿಯೂ ರೈಲುಗಳಲ್ಲಿಯೂ ರಕ್ಷಿಸಿದ ಮಕ್ಕಳ ಸಂಖ್ಯೆ 84,119. 2018ರ ಒಂದೇ ವರ್ಷದಲ್ಲಿ ಸಿಕ್ಕ 17,112 ಮಕ್ಕಳಲ್ಲಿ 13,187 ಮಂದಿ ಮನೆ ಬಿಟ್ಟು ಓಡಿ ಬಂದವರು. ಪ್ಲಾಟ್‌ಫಾರಂನಲ್ಲಿ ಒಂಟಿಯಾಗಿ ಕುಳಿತ ಹುಡುಗನ ಬಳಿಗೆ ಮೊದಲು ಬರುವವರು ಸಜ್ಜನರೋ ದುರ್ಜನರೋ ಎಂಬುದರ ಮೇಲೆ ಅವನ ಮುಂದಿನ ಬಾಳು ನಿಂತಿದೆ.

ತುರಿನ್ ನಗರದ ಅಡುಗೆಮನೆ

ಇಂಥ ಮಕ್ಕಳಿಗೆ ಮನೆ ಕಟ್ಟುವ ಕಾರ್ಯವು ನಮ್ಮ ಧರ್ಮಸಭೆಗೆ ಹೊಸದಲ್ಲ. ಇಟಲಿಯ ತುರಿನ್ ನಗರಕ್ಕೂ ಹಳ್ಳಿಗಾಡಿನ ಹುಡುಗರು ಕೂಲಿ ಅರಸಿ ಹೀಗೆಯೇ ಬರುತ್ತಿದ್ದರು. 1841ರ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಪೂಜಾವಸ್ತ್ರಗಳ ಕೋಣೆಗೆ ಬಂದ ಒಬ್ಬ ಅನಾಥ ಹುಡುಗನನ್ನು ದೇವಾಲಯದ ಸೇವಕನು ಹೊಡೆದು ಅಟ್ಟಿದನು. ಆಗತಾನೆ ಗುರುದೀಕ್ಷೆ ಪಡೆದಿದ್ದ ಡಾನ್ ಬೋಸ್ಕೊ ಅವನನ್ನು ಮರಳಿ ಕರೆಸಿ ಸ್ನೇಹದಿಂದ ಮಾತನಾಡಿಸಿದರು. ಬಾರ್ತೊಲೊಮೆಯೊ ಗರೆಲ್ಲಿ ಎಂಬ ಆ ಹುಡುಗನಿಂದ ಅವರ ಸೇವೆ ಮೊದಲಾಯಿತು.

ಆದರೆ ಆಶ್ರಯ ನೀಡುವ ಮೊದಲ ಯತ್ನ ಕೈಗೂಡಲಿಲ್ಲ. ಬೀದಿಯಲ್ಲಿದ್ದ ಕೆಲವು ಹುಡುಗರನ್ನು ಕರೆತಂದು ಹುಲ್ಲಿನ ಅಟ್ಟದಲ್ಲಿ ಮಲಗಿಸಿದರೆ, ಬೆಳಗಾಗುವಷ್ಟರಲ್ಲಿ ಹೊದಿಕೆಗಳೊಡನೆ ಅವರು ಮಾಯವಾಗಿದ್ದರು! ‘ಇಂಥವರಿಗೆ ಉಪಕಾರ ಸಲ್ಲದು’ ಎಂದು ಬಾಗಿಲಿಕ್ಕಲು ಇಷ್ಟು ಸಾಕಿತ್ತು. ಡಾನ್ ಬೋಸ್ಕೊ ಬಾಗಿಲಿಕ್ಕಲಿಲ್ಲ. 1847ರ ಮೇ ತಿಂಗಳ ಒಂದು ಮಳೆಯ ರಾತ್ರಿ, ತೊಯ್ದು ತೊಪ್ಪೆಯಾದ ಹದಿನೈದು ವರ್ಷದ ಒಬ್ಬ ಅನಾಥ ಬಾಗಿಲು ತಟ್ಟಿದಾಗ ಅವನನ್ನು ಒಳಕ್ಕೆ ಕರೆದರು. ಅವರ ತಾಯಿ ಮಾರ್ಗರೀತಮ್ಮನವರು ಅವನಿಗೆ ಬಿಸಿ ಊಟವಿಕ್ಕಿ, ಅಡುಗೆಮನೆಯಲ್ಲಿಯೇ ಇಟ್ಟಿಗೆಗಳ ಮೇಲೆ ಹಲಗೆಯಿಟ್ಟು ಹಾಸಿಗೆ ಹಾಸಿದರು; ಮಲಗುವ ಮುನ್ನ ದುಡಿಮೆಯನ್ನೂ ದೇವರನ್ನೂ ಕುರಿತು ನಾಲ್ಕು ಒಳ್ಳೆಯ ಮಾತು ಹೇಳಿದರು. ಮಕ್ಕಳು ಮಲಗುವ ಮುನ್ನ ಹಿತವಚನ ಹೇಳುವ ಪದ್ಧತಿ ಸಲೇಸಿಯನ್ ಮನೆಗಳಲ್ಲಿ ಇಂದಿಗೂ ನಡೆದಿದೆ. ಅದರ ಮೂಲ ಈ ತಾಯಿಯ ಮಾತು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಆ ಮನೆಯನ್ನು ಎತ್ತಿ ಹಿಡಿದವರು ಸಂತರೊಬ್ಬರೇ ಅಲ್ಲ. ಆರವತ್ತರ ಹತ್ತಿರದ ಆ ತಾಯಿ ತಮ್ಮ ಮದುವೆಯ ಉಡುಗೆ ಒಡವೆಗಳನ್ನು ಮಾರಿ ಮಕ್ಕಳ ಹೊಟ್ಟೆ ಹೊರೆದರು. ನಗರದ ಹೆಂಗಸರು ಹರಿದ ಬಟ್ಟೆಗಳನ್ನು ಹೊಲಿದುಕೊಟ್ಟರು. ಹುಡುಗರನ್ನು ಕೆಲಸ ಕಲಿಯಲು ಕಳಿಸುವಾಗ ಡಾನ್ ಬೋಸ್ಕೊ ಮಾಲೀಕರೊಡನೆ ಲಿಖಿತ ಕರಾರು ಮಾಡಿಕೊಳ್ಳುತ್ತಿದ್ದರು. ಹುಡುಗನನ್ನು ಹೊಡೆಯಕೂಡದು, ಕಸುಬಿನ ಹೊರತು ಬೇರೆ ಚಾಕರಿ ಹೇಳಕೂಡದು, ಹಬ್ಬದ ದಿನ ಬಿಡುವು ಕೊಡಬೇಕು ಎಂಬ ಷರತ್ತುಗಳು 1852ರ ಕರಾರಿನಲ್ಲಿಯೇ ಕಾಣುತ್ತವೆ. 1859ರಲ್ಲಿ ಸಲೇಸಿಯನ್ ಸಭೆ ಸ್ಥಾಪನೆಯಾಯಿತು. 1876ರಲ್ಲಿ ಪೋಪ್ ಒಂಬತ್ತನೆಯ ಪಿಯುಸ್‌ರವರು ಸಲೇಸಿಯನ್ ಸಹಕಾರಿಗಳ ಸಂಘಕ್ಕೆ ಮನ್ನಣೆಯಿತ್ತರು. ಇದು ಬಹುಪಾಲು ಸಂಸಾರಸ್ಥರಾದ ಭಕ್ತರ ಸಂಘ. ಮನೆ ಬಿಟ್ಟ ಮಗುವಿಗೆ ಮನೆಯಾಗುವುದು ಗುರುಗಳ ಮತ್ತು ಕನ್ಯಾಸ್ತ್ರೀಯರ ಕೆಲಸ ಮಾತ್ರವಲ್ಲ, ಗೃಹಸ್ಥರ ಕೆಲಸವೂ ಹೌದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಕನ್ನಡ ನಾಡಿನಲ್ಲಿ

ಸಲೇಸಿಯನ್ ಗುರುಗಳು 1906ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ನೆಲೆಯೂರಿದರು. 1980ರಲ್ಲಿ ಬೆಂಗಳೂರಿನಲ್ಲಿ ಗುರುಪಟ್ಟಕ್ಕಾಗಿ ಓದುತ್ತಿದ್ದ ಸಲೇಸಿಯನ್ ವಿದ್ಯಾರ್ಥಿಗಳು ಬೀದಿಗಳಲ್ಲಿಯೂ ನಿಲ್ದಾಣಗಳಲ್ಲಿಯೂ ಬಾಳುವ ಹುಡುಗರನ್ನು ಅರಸಿ ಹೋಗತೊಡಗಿದರು. ಆ ಸ್ನೇಹದಿಂದ ಬೆಳೆದುದೇ ‘ಬೆಂಗಳೂರು ಓಣಿಯವರ ಸೇವಾ ಕೂಟ’. ಅದರ ಸಂಕ್ಷಿಪ್ತ ನಾಮ ‘ಬಾಸ್ಕೊ’. ಓಣಿ ಎಂಬುದು ನಮ್ಮ ಕಡೆಯ ನಿತ್ಯದ ಮಾತಾದುದರಿಂದ ಈ ಹೆಸರು ನಮಗೆ ಇನ್ನಷ್ಟು ಆಪ್ತವಾಗಿದೆ. ಮೊದಲು ಮಗುವಿರುವಲ್ಲಿಗೆ ಹೋಗಿ ಸ್ನೇಹ ಬೆಳೆಸುವುದು, ಅನಂತರ ಊಟ ಮತ್ತು ತಂಗಲು ಠಾವು, ಬಳಿಕ ಓದು ಅಥವಾ ಕಸುಬು, ಸಾಧ್ಯವಾದಲ್ಲಿ ತಂದೆತಾಯಿಗಳೊಡನೆ ಮತ್ತೆ ಸೇರಿಸುವುದು – ಇದು ಅವರ ಕ್ರಮ. ಯಾವ ಜಾತಿ, ಯಾವ ಮತ ಎಂಬ ಪ್ರಶ್ನೆ ಅಲ್ಲಿಲ್ಲ.

ಕಾನೂನೂ ಈಗ ಜೊತೆಗಿದೆ. 2015ರ ಬಾಲನ್ಯಾಯ ಕಾಯಿದೆಯಂತೆ ದಿಕ್ಕಿಲ್ಲದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆಶ್ರಯ ಮನೆಗಳು ಸರಕಾರದಲ್ಲಿ ನೋಂದಣಿಯಾಗಿರಬೇಕು. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ 1098 ಸಹಾಯವಾಣಿ 2023ರಲ್ಲಿ ಸರಕಾರದ ಆಡಳಿತಕ್ಕೆ ಬಂದಿದೆ. ಹಗಲಿರುಳೂ ಆ ಸಂಖ್ಯೆಗೆ ಕರೆ ಮಾಡಬಹುದು. ಆದುದರಿಂದ ಸದುದ್ದೇಶವಿದ್ದರೂ ಸಿಕ್ಕ ಮಗುವನ್ನು ಗುಟ್ಟಾಗಿ ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪು. ಹಾಗೆಯೇ, ಓಡಿ ಬಂದ ಕಾರಣವನ್ನು ಕೇಳದೆ ಮರುದಿನವೇ ಊರಿಗೆ ಅಟ್ಟುವುದೂ ತಪ್ಪು. ಹೊಡೆತಕ್ಕೆ ಹೆದರಿ ಬಂದ ಮಗು ಮತ್ತೆ ಓಡುತ್ತದೆ.

ನಮ್ಮ ಪಾಲಿನ ಕೆಲಸ

ನಾವೆಲ್ಲರೂ ಆತ್ಮಶೋಧನೆ ಮಾಡಿಕೊಳ್ಳಬೇಕಾದ ಮಾತೊಂದಿದೆ. ಹಬ್ಬದ ದಿನ ಸಿಹಿ ಹಂಚಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚಿತ್ರ ತೆಗೆಸಿಕೊಂಡು ಬರುವುದನ್ನೇ ಆಶ್ರಯ ಮನೆಗೆ ಮಾಡಿದ ಸೇವೆಯೆಂದು ತಿಳಿಯುವ ರೂಢಿ ನಮ್ಮಲ್ಲಿದೆ. ಹಬ್ಬದ ಮರುದಿನವೂ ಆ ಮಕ್ಕಳು ಉಣ್ಣಬೇಕು. ಒಮ್ಮೆ ಬರುವ ನೂರು ಸೇರು ಅಕ್ಕಿಗಿಂತ ತಿಂಗಳು ತಪ್ಪದೆ ಬರುವ ಹತ್ತು ಸೇರು ತೊಗರಿ ಬೇಳೆ ಆ ಮನೆಗೆ ಹೆಚ್ಚು ಆಧಾರ. ಶಿಕ್ಷಕರು ವಾರಕ್ಕೊಂದು ಸಂಜೆ ಪಾಠ ಹೇಳಬಹುದು. ಹೊಲಿಗೆ, ಬಡಗಿ, ವಿದ್ಯುತ್ ಕೆಲಸ ಬಲ್ಲವರು ಕಸುಬು ಕಲಿಸಬಹುದು. ರೈಲ್ವೆ ನೌಕರರು ನಿಲ್ದಾಣದಲ್ಲಿ ಕಂಡ ಒಂಟಿ ಮಗುವಿನ ಸುದ್ದಿಯನ್ನು ತಡಮಾಡದೆ ಮುಟ್ಟಿಸಬಹುದು. ಹದಿನೆಂಟು ತುಂಬಿ ಹೊರಬಂದವರಿಗೆ 21 ವರ್ಷದವರೆಗೆ ನೆರವು ನೀಡಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಅವರಿಗೆ ಬಾಡಿಗೆಗೆ ಕೋಣೆ ಕೊಡುವವರೂ ನಂಬಿ ಕೆಲಸ ಕೊಡುವವರೂ ನಮ್ಮ ನಡುವಿನಿಂದಲೇ ಬರಬೇಕು. ‘ಕದ್ದುಕೊಂಡು ಹೋದರೇನು ಗತಿ?’ ಎಂಬ ಶಂಕೆ ಮೂಡಿದಾಗ, ತುರಿನ್ ನಗರದ ಕಳುವಾದ ಹೊದಿಕೆಗಳನ್ನು ನೆನೆಯೋಣ.

ಬಾಲಯೇಸು ಹನ್ನೆರಡನೆಯ ವಯಸ್ಸಿನಲ್ಲಿ ಜೆರುಸಲೇಮಿನಲ್ಲಿ ಉಳಿದುಬಿಟ್ಟಾಗ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಅವರನ್ನು ಮೂರು ದಿನ ಸಂಕಟದಿಂದ ಹುಡುಕಿದರೆಂದು ಲೂಕರ ಶುಭಸಂದೇಶ ತಿಳಿಸುತ್ತದೆ. ತಿರುಕುಟುಂಬವೇ ಅನುಭವಿಸಿದ ಆ ಸಂಕಟವು ಇಂದು ನಮ್ಮ ಸುತ್ತಲಿನ ಎಷ್ಟೋ ಮನೆಗಳಲ್ಲಿದೆ. ಅವರು ದೊರೆತದ್ದು ದೇವರ ಆಲಯದಲ್ಲಿ. ಕಾಣೆಯಾದ ಮಗು ನೂರು ವರ್ಷ ತುಂಬಿದ ನಮ್ಮ ದೇವಾಲಯದ ಜನರ ಕಣ್ಣಿಗೆ ಮೊದಲು ಬಿದ್ದು, ಕ್ಷೇಮವಾಗಿ ದಡ ಸೇರುವಂತಾಗಲಿ. ಎರಡನೆಯ ಶತಮಾನದ ನಮ್ಮ ಮೊದಲ ಹೆಜ್ಜೆ ಇದಾಗಲೆಂದು ಪ್ರಭುವಿನಲ್ಲಿ ಪ್ರಾರ್ಥಿಸುತ್ತೇವೆ.